‘ನಂದಿನಿ’ ಯಾರದು? ಹಾಲು ಒಕ್ಕೂಟ ಮತ್ತು ಹೋಟೆಲಿನ ನಡುವಿನ ಟ್ರೇಡ್‌ಮಾರ್ಕ್ ಪ್ರಕರಣ

ಇಂಗ್ಲಿಷಿನಲ್ಲಿ ಬರೆದರೆ ಇವೆರಡು ಹೆಸರಿಗೆ ಒಂದು ‘ಎಚ್’ ಅಕ್ಷರದ ವ್ಯತ್ಯಾಸ. ಕನ್ನಡದಲ್ಲಿ ಅದೂ ಇಲ್ಲ, ಎರಡೂ ‘ನಂದಿನಿ’ಯೇ. ಬೆಳಗಾದರೆ ಮನೆಬಾಗಿಲಿಗೆ ಬರುವ ಹಾಲಿನ ಪ್ಯಾಕೆಟ್ ಮೇಲೂ ಆ ಹೆಸರಿದೆ, ಬೆಂಗಳೂರಿನ ಆಂಧ್ರ ಶೈಲಿಯ ಊಟದ ಹೋಟೆಲಿನ ಬೋರ್ಡಿನ ಮೇಲೂ ಇದೆ. ಕರ್ನಾಟಕ ಹಾಲು ಒಕ್ಕೂಟ, ಅಂದರೆ ಕೆಎಂಎಫ್, ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಈ ಹೆಸರನ್ನು ಬಳಸತೊಡಗಿದ್ದು 1985ರಲ್ಲಿ. ‘ನಂದಿನಿ ಡಿಲಕ್ಸ್’ ಹೋಟೆಲಿನವರು ಅದನ್ನು ಬಳಸತೊಡಗಿದ್ದು 1989ರಲ್ಲಿ. ಹೋಟೆಲಿನವರು ತಿಂಡಿ ತಿನಿಸುಗಳ ಮೇಲೆ ಹೆಸರನ್ನು ನೋಂದಾಯಿಸಲು ಹೋದಾಗ ಒಕ್ಕೂಟ ಆಕ್ಷೇಪಣೆ ಹಾಕಿತು. ಆ ಜಗಳ ರಿಜಿಸ್ಟ್ರಾರ್ ಕಚೇರಿಯಿಂದ ಹೊರಟು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ, ಕರ್ನಾಟಕ ಹೈಕೋರ್ಟ್ ದಾಟಿ, 2018ರ ಜುಲೈ 26ರಂದು ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ತೀರ್ಪು ಕೊಟ್ಟವರು ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್.

ಹೆಸರು ಕಾಪಾಡಿಕೊಳ್ಳಬೇಕೆನ್ನುವ ಸಣ್ಣ ಉದ್ದಿಮೆದಾರರಿಗೆ ಕರ್ನಾಟಕದಲ್ಲೇ ಹುಟ್ಟಿದ ಇದಕ್ಕಿಂತ ಹತ್ತಿರದ ಪ್ರಕರಣ ಸಿಗುವುದು ಕಷ್ಟ. ಹೆಸರು ಮೊದಲು ಇಟ್ಟುಕೊಂಡವರು ಒಕ್ಕೂಟದವರು, ಮೊದಲು ನೋಂದಾಯಿಸಿಕೊಂಡವರೂ ಅವರೇ, ದೊಡ್ಡ ಸಂಸ್ಥೆಯೂ ಅವರದೇ. ಆದರೂ ಕೊನೆಗೆ ಸೋತರು. ಯಾಕೆ ಸೋತರು ಎಂಬುದನ್ನು ಬಿಡಿಸಿ ನೋಡಿದರೆ ವಕೀಲರ ಕೆಲಸ ಎಲ್ಲಿ ಶುರುವಾಗಬೇಕು, ಯಾವ ಕಾಗದ ಯಾವ ಹೊತ್ತಿಗೆ ಬೇಕು ಎಂಬುದು ಗೊತ್ತಾಗುತ್ತದೆ.

ಅರ್ಜಿಯಲ್ಲಿ ಇದ್ದದ್ದು

ಟ್ರೇಡ್‌ಮಾರ್ಕ್ ನೋಂದಣಿಗೆ ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ಹಂಚಿದ್ದಾರೆ. 1ರಿಂದ 34ರವರೆಗೆ ಸರಕು, 35ರಿಂದ 45ರವರೆಗೆ ಸೇವೆ. 29ನೇ ವರ್ಗದಲ್ಲಿ ಮಾಂಸ, ಮೀನು, ಕೋಳಿ, ಮೊಟ್ಟೆ, ಖಾದ್ಯ ಎಣ್ಣೆ, ಬೇಯಿಸಿದ ತರಕಾರಿಗಳ ಜೊತೆಗೆ ಹಾಲು ಮತ್ತು ಹಾಲಿನ ಪದಾರ್ಥಗಳೂ ಸೇರಿವೆ. 30ನೇ ವರ್ಗದಲ್ಲಿ ಕಾಫಿ, ಟೀ, ಅಕ್ಕಿ, ಹಿಟ್ಟು, ಬ್ರೆಡ್, ಮಸಾಲೆ ಬರುತ್ತವೆ. ಒಕ್ಕೂಟಕ್ಕೆ ಈ ಎರಡೂ ವರ್ಗಗಳಲ್ಲಿ ನೋಂದಣಿ ಇತ್ತು. ಹೋಟೆಲು ಕೇಳಿದ್ದೂ ಇವೇ ವರ್ಗಗಳಲ್ಲಿ. ಅದರ ಪಟ್ಟಿಯಲ್ಲಿ ‘ಹಾಲು ಮತ್ತು ಹಾಲಿನ ಪದಾರ್ಥ’ ಎಂಬ ಬಾಬತ್ತೂ ಸೇರಿಕೊಂಡಿತ್ತು. ಆ ಕೆಲವೇ ಪದಗಳ ಕಥೆಗೆ ಆಮೇಲೆ ಬರೋಣ.

ಊಟ ಬಡಿಸುವ ಹೋಟೆಲು ಸರಕಿನ ವರ್ಗಕ್ಕೆ ಯಾಕೆ ಹೋಗಬೇಕು ಎಂದು ಕೇಳಬಹುದು. 1958ರ ಹಳೆಯ ಕಾಯ್ದೆಯಲ್ಲಿ ಸೇವೆಯ ಹೆಸರನ್ನು ನೋಂದಾಯಿಸುವ ದಾರಿಯೇ ಇರಲಿಲ್ಲ. 1999ರ ಕಾಯ್ದೆ 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ ಮೇಲಷ್ಟೇ ಆ ಬಾಗಿಲು ತೆರೆಯಿತು. ಇವತ್ತು ದರ್ಶಿನಿ, ಮೆಸ್, ಕೇಟರಿಂಗ್ ನಡೆಸುವವರು ಮೊದಲು ಹಿಡಿಯಬೇಕಾದದ್ದು 43ನೇ ವರ್ಗ. ಅದು ಅನ್ನ ಪಾನೀಯ ಒದಗಿಸುವ ಸೇವೆಯ ವರ್ಗ. ಪುಡಿ, ಉಪ್ಪಿನಕಾಯಿ, ಚಟ್ನಿಪುಡಿಗಳನ್ನು ಪೊಟ್ಟಣ ಕಟ್ಟಿ ಮಾರುವ ಯೋಚನೆ ನಿಜಕ್ಕೂ ಇದ್ದರೆ ಮಾತ್ರ 29, 30. ಎಲ್ಲ ವರ್ಗಕ್ಕೂ ಹಾಕಿಬಿಡೋಣ ಎನ್ನುವ ಏಜೆಂಟರು ಪ್ರತಿ ವರ್ಗಕ್ಕೂ ಶುಲ್ಕ ಕಟ್ಟಿಸುತ್ತಾರೆ, ಅದರ ಜೊತೆಗೆ ಪ್ರತಿ ವರ್ಗದಲ್ಲೂ ಒಬ್ಬ ಹೊಸ ಎದುರಾಳಿಯನ್ನು ಸಂಪಾದಿಸಿ ಕೊಡುತ್ತಾರೆ.

ರಿಜಿಸ್ಟ್ರಾರ್ ಕಚೇರಿ 2007ರಲ್ಲಿ ಒಕ್ಕೂಟದ ಆಕ್ಷೇಪಣೆಯನ್ನು ತಳ್ಳಿಹಾಕಿ ಹೋಟೆಲಿಗೆ ನೋಂದಣಿ ಕೊಟ್ಟಿತು. ಮೇಲ್ಮನವಿ ಮಂಡಳಿ ಆ ಆದೇಶವನ್ನು ತಿರುಗಿಸಿ ಒಕ್ಕೂಟದ ಪರ ನಿಂತಿತು. ಹೋಟೆಲಿನ ರಿಟ್ ಅರ್ಜಿಗಳನ್ನು ಹೈಕೋರ್ಟ್ 2014ರಲ್ಲಿ ವಜಾ ಮಾಡಿತು. ಸುಪ್ರೀಂ ಕೋರ್ಟ್ ಆ ಎರಡೂ ಆದೇಶಗಳನ್ನು ರದ್ದು ಮಾಡಿ ರಿಜಿಸ್ಟ್ರಾರರ ಆದೇಶವನ್ನೇ ಎತ್ತಿಹಿಡಿಯಿತು. ಅದಕ್ಕೆ ಹಾಕಿದ ಷರತ್ತು ಒಂದೇ: ಹಾಲು ಮತ್ತು ಹಾಲಿನ ಪದಾರ್ಥಗಳ ಮೇಲೆ ಹೋಟೆಲಿಗೆ ನೋಂದಣಿ ಇಲ್ಲ.

ಒಂದೇ ವರ್ಗವಾದರೆ ಒಂದೇ ಸರಕೇ?

ಒಕ್ಕೂಟದ ವಾದ ಸರಳವಾಗಿತ್ತು. ಹೆಸರಿನ ಉಚ್ಚಾರಣೆ ಒಂದೇ, ವರ್ಗ ಒಂದೇ, ಎರಡೂ ತಿನ್ನುವ ಕುಡಿಯುವ ಪದಾರ್ಥ, ಹೋಟೆಲಿನ ತಿನಿಸನ್ನು ಜನ ಒಕ್ಕೂಟದ್ದೇ ಎಂದುಕೊಳ್ಳುತ್ತಾರೆ ಎಂಬುದು ಆ ವಾದ. ಮಂಡಳಿಯಲ್ಲೂ ಹೈಕೋರ್ಟಿನಲ್ಲೂ ಇದು ಗೆದ್ದಿತು.

ಸುಪ್ರೀಂ ಕೋರ್ಟ್ ವರ್ಗದ ಸಂಖ್ಯೆಗೆ ಅಷ್ಟು ಬೆಲೆ ಕೊಡಲಿಲ್ಲ. ವರ್ಗ ಎನ್ನುವುದು ಕಚೇರಿ ಅರ್ಜಿಗಳನ್ನು ಜೋಡಿಸಿಟ್ಟುಕೊಳ್ಳುವ ಕಪಾಟಿನ ಖಾನೆ ಇದ್ದಂತೆ. ಒಂದೇ ಖಾನೆಯಲ್ಲಿ ಹಾಲೂ ಇದೆ, ಮೀನೂ ಇದೆ, ಅಷ್ಟಕ್ಕೇ ಹಾಲು ಮೀನಾಗುವುದಿಲ್ಲ. ಒಂದು ವರ್ಗದಲ್ಲಿ ಒಂದು ಸರಕಿಗೆ ನೋಂದಣಿ ಪಡೆದವರು ಆ ವರ್ಗದ ಎಲ್ಲ ಸರಕಿನ ಮೇಲೂ ಏಕಸ್ವಾಮ್ಯ ಕೇಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಇದಕ್ಕೆ ಆಧಾರವಾದದ್ದು ‘ಚಾರ್ಮಿನಾರ್’ ಸಿಗರೇಟಿನ ಹಳೆಯ ಪ್ರಕರಣ. ತಂಬಾಕಿನ ಇಡೀ ವರ್ಗಕ್ಕೆ ಹೆಸರು ನೋಂದಾಯಿಸಿಕೊಂಡು ಬರೀ ಸಿಗರೇಟು ಮಾಡುತ್ತಿದ್ದ ವಜೀರ್ ಸುಲ್ತಾನ್ ಕಂಪನಿಯ ಹಕ್ಕನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಸಿಗರೇಟಿಗಷ್ಟೇ ಸೀಮಿತ ಮಾಡಿತ್ತು. ಜರ್ದಾ ಮಾರುವವರು ಅದೇ ಹೆಸರು ಬಳಸುವುದಕ್ಕೆ ದಾರಿಯಾಗಿತ್ತು.

ನೋಟದಲ್ಲೂ ಎರಡು ಗುರುತು ಬೇರೆಯೇ ಎಂದು ನ್ಯಾಯಾಲಯ ಕಂಡಿತು. ಒಕ್ಕೂಟದ್ದು ಮೊಟ್ಟೆಯಾಕಾರದ ಗೆರೆಯೊಳಗಿನ ಹಸು. ಹೋಟೆಲಿನದು ದೀಪ, ಜೊತೆಗೆ ‘ಡಿಲಕ್ಸ್’ ಎಂಬ ಪದ, ಕೆಳಗೆ ಇಂಗ್ಲಿಷಿನ ಒಂದು ಅಡಿಬರಹ. ಹಾಲಿನ ಬೂತಿನ ಮುಂದೆ ಕ್ಯಾನು ಹಿಡಿದು ನಿಂತವನೂ ಆಂಧ್ರ ಊಟಕ್ಕೆ ಎಲೆ ಮುಂದೆ ಕೂತವನೂ ಒಬ್ಬನೇ ಇರಬಹುದು. ಆದರೆ ಸಾಮಾನ್ಯ ಬುದ್ಧಿಯ ಗಿರಾಕಿ ಈ ಊಟ ಒಕ್ಕೂಟದ್ದು ಎಂದುಕೊಳ್ಳುವುದು ಊಹಿಸಲೂ ಕಷ್ಟ ಎಂಬುದು ತೀರ್ಪಿನ ನಿಲುವು.

ನಂದಿನಿ ಒಕ್ಕೂಟ ಹುಟ್ಟಿಸಿದ ಪದವಲ್ಲ, ಅದು ದೇವಿಯ ಹೆಸರು, ಪುರಾಣದ ಹಸುವಿನ ಹೆಸರು ಎಂಬುದನ್ನೂ ನ್ಯಾಯಾಲಯ ಎತ್ತಿತು. ವಸಿಷ್ಠರ ಆಶ್ರಮದಲ್ಲಿ ದಿಲೀಪ ಕಾಯ್ದ ಹಸುವಿನ ಹೆಸರು ನಮ್ಮಲ್ಲಿ ಎಷ್ಟು ಮನೆ ಹೆಣ್ಣುಮಕ್ಕಳಿಗಿಲ್ಲ! ಆದರೆ ತೀರ್ಪು ಇಲ್ಲಿ ‘ಜೆನೆರಿಕ್’ ಎಂಬ ಮಾತು ಬಳಸಿದ್ದು ಸಡಿಲವಾಯಿತು. ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ಜೆನೆರಿಕ್ ಎಂದರೆ ಸರಕಿನದೇ ಹೆಸರು, ಹಾಲಿಗೆ ‘ಹಾಲು’ ಎಂದಂತೆ. ಹಾಲಿಗೆ ‘ನಂದಿನಿ’ ಎನ್ನುವುದು ಹಾಗಲ್ಲ. ಬೇರೊಬ್ಬರು ಅದೇ ಹೆಸರಿನಲ್ಲಿ ಹಾಲು ಮಾರಲು ಬಂದರೆ ಒಕ್ಕೂಟ ಗಟ್ಟಿಯಾಗಿ ತಡೆಯಬಹುದು. ‘ಎಲ್ಲರಿಗೂ ಗೊತ್ತಿರುವ ಹೆಸರು, ಹುಟ್ಟಿಸಿದ್ದಲ್ಲ’ ಎಂದಿದ್ದರೆ ಸಾಕಿತ್ತು. ಈ ಒಂದು ಪದವನ್ನು ಹಿಡಿದುಕೊಂಡು ದೇವರ ಹೆಸರಿಗೆ ರಕ್ಷಣೆಯೇ ಇಲ್ಲ ಎನ್ನುವವರಿದ್ದಾರೆ, ಅದು ತಪ್ಪು ಓದು. ದೇವರ ಹೆಸರಿಟ್ಟ ಗುರುತಿಗೂ ರಕ್ಷಣೆ ಸಿಗುತ್ತದೆ. ಅದರ ಬೇಲಿ ಮಾತ್ರ ಹುಟ್ಟಿಸಿದ ಪದಕ್ಕೆ ಸಿಗುವಷ್ಟು ದೂರ ಹೋಗುವುದಿಲ್ಲ.

1989ರ ಕಾಗದ

ಪ್ರಕರಣದ ತಿರುಳು ಇಲ್ಲಿದೆ. ಸರಕು ಬೇರೆಯಾಗಿದ್ದರೂ ಹೆಸರಾಂತ ಗುರುತಿನವರು ತಡೆ ಕೇಳುವ ದಾರಿಯೊಂದು ಕಾಯ್ದೆಯ 11(2)ನೇ ಕಲಮಿನಲ್ಲಿದೆ. ಹಳೆಯ ಗುರುತು ದೇಶದಲ್ಲಿ ಪ್ರಸಿದ್ಧವಾಗಿರಬೇಕು. ಹೊಸಬರಿಗೆ ಅದನ್ನು ಬಳಸಲು ಸರಿಯಾದ ಕಾರಣ ಇಲ್ಲದಿರಬೇಕು. ಆ ಬಳಕೆಯಿಂದ ಅವರು ಅನ್ಯಾಯದ ಲಾಭ ಪಡೆಯುತ್ತಿರಬೇಕು, ಇಲ್ಲವೇ ಹಳೆಯ ಗುರುತಿನ ಹೆಸರಿಗೆ ಧಕ್ಕೆಯಾಗುತ್ತಿರಬೇಕು. ಒಕ್ಕೂಟ ಇವತ್ತು ಪ್ರಸಿದ್ಧ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ನ್ಯಾಯಾಲಯ ನೋಡಿದ್ದು ಇವತ್ತನ್ನಲ್ಲ. ಹೋಟೆಲು ಬೋರ್ಡು ಹಾಕಿದ 1989ರಲ್ಲಿ, ಅಂದರೆ ಶುರುವಾದ ನಾಲ್ಕೇ ವರ್ಷದಲ್ಲಿ, ಒಕ್ಕೂಟದ ಹೆಸರು ಅಷ್ಟು ಬೇರೂರಿತ್ತು ಎನ್ನಲು ಏನು ದಾಖಲೆ? ಅಂಥದ್ದೊಂದು ಕಾಗದವೂ ಮುಂದೆ ಬರಲಿಲ್ಲ. ಹಾಗಾಗಿ ಹೋಟೆಲಿನ ಬಳಕೆ ಪ್ರಾಮಾಣಿಕ, ಎರಡೂ ಜೊತೆಜೊತೆಗೆ ಬೆಳೆದ ಹೆಸರುಗಳು ಎಂದಾಯಿತು. ಇಂಥ ಬಳಕೆಗೆ 12ನೇ ಕಲಮಿನಲ್ಲಿ ಜಾಗವಿದೆ. ಬಳಕೆಗೆ ಬಂದು 14 ವರ್ಷ ಕಳೆದ ಮೇಲೆ ಅರ್ಜಿ ಹಾಕಿದ್ದಾರೆ ಎಂಬ ಆಕ್ಷೇಪವೂ ಬಿದ್ದುಹೋಯಿತು. ಬಳಕೆ ಎಡೆಬಿಡದೆ ನಡೆದಿದ್ದರೆ ತಡವಾದ ಅರ್ಜಿಯಿಂದಲೇ ಹಕ್ಕು ಹೋಗುವುದಿಲ್ಲ.

ಅಂದಮೇಲೆ ಎರಡೂ ಕಡೆಯ ವಕೀಲರು ಮೊದಲ ದಿನ ಕೇಳಬೇಕಾದ ಪ್ರಶ್ನೆ ಒಂದೇ: ಎದುರಿನವರು ಬಳಸತೊಡಗಿದ ವರ್ಷಕ್ಕೆ ನಮ್ಮ ಬಳಿ ಏನಿದೆ? ಇವತ್ತಿನ ವಹಿವಾಟಿನ ಲೆಕ್ಕ, ಇವತ್ತಿನ ಜಾಹೀರಾತು, ಇವತ್ತಿನ ಪ್ರಶಸ್ತಿಗಳನ್ನು ಕಟ್ಟುಗಟ್ಟಲೆ ಹಾಕಿ ಆ ಒಂದು ವರ್ಷದ ಕಾಗದ ಇಲ್ಲದಿದ್ದರೆ ಕಡತ ದಪ್ಪವಾಗುತ್ತದೆ ಅಷ್ಟೆ. ಆಕ್ಷೇಪಣೆಗಳಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಇದು.

ಬೇಕಾದ ಕಾಗದಗಳು ಮನೆಯ ಹಳೆ ಟ್ರಂಕಿನಲ್ಲೇ ಇರುತ್ತವೆ, ಯಾರೂ ಹುಡುಕಿರುವುದಿಲ್ಲ. ಹೋಟೆಲಿನವರಾದರೆ ಪಾಲಿಕೆಯ ಟ್ರೇಡ್ ಲೈಸೆನ್ಸ್, ಆ ಕಾಲದ ಮಾರಾಟ ತೆರಿಗೆ ನೋಂದಣಿ, ಅಂಗಡಿ ಕಾಯ್ದೆಯ ದಾಖಲೆ, ಬಾಡಿಗೆ ಕರಾರು, ಹೆಸರು ಅಚ್ಚಾದ ಬಿಲ್ ಬುಕ್ಕು, ಮೆನು ಕಾರ್ಡು, ಬೋರ್ಡು ಬರೆದವನಿಗೆ ಕೊಟ್ಟ ರಸೀತಿ, ದಿನಾಂಕ ಸಮೇತದ ಪತ್ರಿಕಾ ಜಾಹೀರಾತು. ಸರಕು ತಯಾರಿಸುವವರಾದರೆ ವರ್ಷವರ್ಷದ ಇನ್‌ವಾಯ್ಸ್ (ಒಂದು ವರ್ಷಕ್ಕೆ ಮೂರು ನಾಲ್ಕಾದರೂ, ಬೇರೆ ಬೇರೆ ಊರಿನವು), ಏಜೆನ್ಸಿ ಕರಾರು, ಹಳೆಯ ಲೇಬಲ್ಲು, ಅಚ್ಚಿನ ಮನೆಯ ಬಿಲ್ಲು, ವರ್ಷವಾರು ಮಾರಾಟ ಮತ್ತು ಜಾಹೀರಾತು ಖರ್ಚಿಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ. ಇನ್‌ವಾಯ್ಸಿನ ಮೇಲೆ ಸಂಸ್ಥೆಯ ಹೆಸರು ಮಾತ್ರ ಇದ್ದು ಬ್ರ್ಯಾಂಡಿನ ಹೆಸರು ಇಲ್ಲದಿದ್ದರೆ ಅದು ಬಳಕೆಯ ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಇವತ್ತಿನಿಂದಲೇ ಬಿಲ್ಲಿನ ಸಾಲಿನಲ್ಲಿ ಬ್ರ್ಯಾಂಡ್ ಹೆಸರು ಬರುವಂತೆ ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಾಯಿಸಿಕೊಳ್ಳಿ. ಮೊಬೈಲಿನ ಫೋಟೊ, ವೆಬ್‌ಸೈಟಿನ ಪುಟ, ಫುಡ್ ಆ್ಯಪ್‌ನ ಲೆಕ್ಕವನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು.

ಈಗ ಅರ್ಜಿ ಹಾಕುವವರಿಗೆ

ಕರ್ನಾಟಕದ ಉದ್ದಿಮೆಯ ಅರ್ಜಿ ಚೆನ್ನೈ ರಿಜಿಸ್ಟ್ರಿಗೆ ಸೇರುತ್ತದೆ, ಆನ್‌ಲೈನಿನಲ್ಲೇ ಹಾಕಬಹುದು. ಮೊದಲು ರಿಜಿಸ್ಟ್ರಿಯ ಉಚಿತ ಹುಡುಕಾಟದಲ್ಲಿ ಅಕ್ಷರದ ಹುಡುಕಾಟದ ಜೊತೆ ಉಚ್ಚಾರಣೆಯ ಹುಡುಕಾಟವನ್ನೂ ಮಾಡಬೇಕು. ಕನ್ನಡದ ಹೆಸರುಗಳಿಗೆ ಇಂಗ್ಲಿಷಿನಲ್ಲಿ ನಾಲ್ಕಾರು ಕಾಗುಣಿತ ಇರುತ್ತವೆ. ‘ಧ’ ‘ದ’, ‘ಶ’ ‘ಷ’, ದೀರ್ಘ ಹ್ರಸ್ವ ಎಲ್ಲ ಬದಲಿಸಿ ನೋಡದಿದ್ದರೆ ಪಕ್ಕದಲ್ಲೇ ಇರುವ ಹೆಸರು ಕಣ್ಣಿಗೆ ಬೀಳುವುದಿಲ್ಲ.

ಅರ್ಜಿಯ ನಮೂನೆ ಟಿಎಂ-ಎ. ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ ವ್ಯಕ್ತಿಗಳು, ಸ್ಟಾರ್ಟಪ್‌ಗಳು ಮತ್ತು ಸಣ್ಣ ಉದ್ದಿಮೆಗಳಿಗೆ 4,500 ರೂಪಾಯಿ, ಉಳಿದವರಿಗೆ 9,000. ಸಣ್ಣ ಉದ್ದಿಮೆಯ ರಿಯಾಯಿತಿಗೆ ಉದ್ಯಮ್ ಪ್ರಮಾಣಪತ್ರ ಲಗತ್ತಿಸಬೇಕು. ನೋಂದಣಿ 10 ವರ್ಷಕ್ಕೆ, ಆಮೇಲೆ ಹತ್ತು ಹತ್ತು ವರ್ಷಕ್ಕೆ ನವೀಕರಣ.

ನಮೂನೆಯಲ್ಲಿ ‘ಯಾವಾಗಿನಿಂದ ಬಳಕೆ’ ಎಂಬ ಖಾನೆಯೊಂದಿದೆ. ಇಡೀ ಅರ್ಜಿಯಲ್ಲಿ ಇದರಷ್ಟು ಮುಖ್ಯವಾದ ಸಾಲು ಇನ್ನೊಂದಿಲ್ಲ. ಇಪ್ಪತ್ತು ವರ್ಷದಿಂದ ನಡೆಯುತ್ತಿರುವ ಅಂಗಡಿಗೂ ‘ಮುಂದೆ ಬಳಸಲು ಉದ್ದೇಶಿಸಿದೆ’ ಎಂದು ತುಂಬಿ ಕಳಿಸುವ ಅಭ್ಯಾಸ ಏಜೆಂಟರಲ್ಲಿದೆ. ಬಳಕೆಯ ದಿನಾಂಕ ಹೇಳಿದರೆ ಅದಕ್ಕೆ ಅಫಿಡವಿಟ್ ಮತ್ತು ದಾಖಲೆ ಹಾಕಲೇಬೇಕು, ಅಷ್ಟು ಕೆಲಸ ಉಳಿಯುತ್ತದಲ್ಲ ಎಂಬ ಕಾರಣ. ಕಕ್ಷಿದಾರರಿಗೆ ಇದು ಗೊತ್ತಾಗುವುದು ಆಕ್ಷೇಪಣೆ ಬಂದಾಗ. ನಂದಿನಿ ಡಿಲಕ್ಸ್‌ನ ಗೆಲುವು ನಿಂತದ್ದೇ 1989 ಎಂಬ ಇಸವಿಯ ಮೇಲೆ ಎಂಬುದನ್ನು ನೆನೆದರೆ, ಆ ಒಂದು ಖಾನೆಯಲ್ಲಿ ತಪ್ಪು ತುಂಬುವುದು ಎಂಥ ನಷ್ಟ ಎಂದು ತಿಳಿಯುತ್ತದೆ. ಸಹಿ ಮಾಡುವ ಮೊದಲು ನೀವೇ ಅದನ್ನು ಓದಿ.

ಪರಿಶೀಲನಾ ವರದಿ ಬಂದರೆ ಉತ್ತರಕ್ಕೆ ಒಂದು ತಿಂಗಳು. ಆ ಹಂತ ದಾಟಿದರೆ ರಿಜಿಸ್ಟ್ರಿಯ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟಣೆ. ಪ್ರಕಟವಾದ ದಿನದಿಂದ ಆಕ್ಷೇಪಣೆಗೆ ನಾಲ್ಕು ತಿಂಗಳು, ಅದನ್ನು ಯಾರೂ ವಿಸ್ತರಿಸಿ ಕೊಡುವುದಿಲ್ಲ. ಆಕ್ಷೇಪಣೆಯ ಪ್ರತಿ ಕೈಗೆ ಬಂದ ಎರಡು ತಿಂಗಳೊಳಗೆ ಪ್ರತಿಹೇಳಿಕೆ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ ಎಂದೇ ಲೆಕ್ಕ. ವಾದದಲ್ಲಿ ಸೋಲುವ ಅರ್ಜಿಗಳಿಗಿಂತ ಹಳೆಯ ಇಮೇಲ್ ವಿಳಾಸಕ್ಕೆ ಬಂದ ನೋಟಿಸನ್ನು ಯಾರೂ ತೆರೆಯದೆ ಹೀಗೆ ಸಾಯುವ ಅರ್ಜಿಗಳು ಹೆಚ್ಚು ನೋವು ಕೊಡುತ್ತವೆ. ಏಜೆಂಟರನ್ನು ಬದಲಿಸಿದ ದಿನವೇ ರಿಜಿಸ್ಟ್ರಿಯಲ್ಲಿ ವಿಳಾಸವನ್ನೂ ಬದಲಿಸಿ. ಆಮೇಲೆ ಆಕ್ಷೇಪಿಸಿದವರ ಸಾಕ್ಷ್ಯಕ್ಕೆ ಎರಡು ತಿಂಗಳು, ಅರ್ಜಿದಾರರ ಸಾಕ್ಷ್ಯಕ್ಕೆ ಎರಡು ತಿಂಗಳು, ಮರುಸಾಕ್ಷ್ಯಕ್ಕೆ ಒಂದು ತಿಂಗಳು, ಕೊನೆಗೆ ವಿಚಾರಣೆ. 1989ರ ಕಾಗದ ಹೊರಬರಬೇಕಾದದ್ದು ಈ ಹಂತದಲ್ಲೇ. ಮೇಲಿನ ನ್ಯಾಯಾಲಯಗಳು ಸಾಮಾನ್ಯವಾಗಿ ಇಲ್ಲಿ ಬಿದ್ದ ದಾಖಲೆಯನ್ನೇ ಓದುತ್ತವೆ, ಹೊಸ ಕಡತ ತೆರೆಯುವುದಿಲ್ಲ. ಈ ಪ್ರಕರಣ ಹಾದುಹೋದ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಗಿದೆ. ಈಗ ರಿಜಿಸ್ಟ್ರಾರರ ಆದೇಶದ ಮೇಲೆ ನೇರವಾಗಿ ಹೈಕೋರ್ಟಿಗೆ ಮೇಲ್ಮನವಿ, ಗಡುವು ಮೂರು ತಿಂಗಳು.

900 ರೂಪಾಯಿಯ ಅರ್ಜಿ

ಸುಪ್ರೀಂ ಕೋರ್ಟಿನಲ್ಲಿ ಹೋಟೆಲಿನವರು ಹಾಲು ಮತ್ತು ಹಾಲಿನ ಪದಾರ್ಥಗಳನ್ನು ತಮ್ಮ ಪಟ್ಟಿಯಿಂದ ಬಿಟ್ಟುಕೊಡಲು ಒಪ್ಪಿದರು. ಅಂತಿಮ ಆದೇಶದಲ್ಲಿ ರಿಜಿಸ್ಟ್ರಾರರ 2007ರ ಆದೇಶಕ್ಕಿಂತ ಬದಲಾದದ್ದು ಇಷ್ಟೇ. ಈಗಿನ ನಿಯಮದಲ್ಲಿ ಸರಕಿನ ಪಟ್ಟಿ ಕಿರಿದುಮಾಡಲು ಟಿಎಂ-ಎಂ ನಮೂನೆಯ ಒಂದು ಅರ್ಜಿ ಸಾಕು, ಆನ್‌ಲೈನ್ ಶುಲ್ಕ 900 ರೂಪಾಯಿ. ಆಕ್ಷೇಪಣೆ ಬಂದ ದಿನವೇ ಹೋಟೆಲು ಆ ಪದಗಳನ್ನು ತೆಗೆದಿದ್ದರೆ ಒಕ್ಕೂಟ ಸುಮ್ಮನಾಗುತ್ತಿತ್ತು ಎಂದಲ್ಲ, ಅವರ ಕೋರಿಕೆ ಅದಕ್ಕಿಂತ ದೊಡ್ಡದಿತ್ತು. ಆದರೆ ಅವರ ವಾದದ ಅತ್ಯಂತ ಗಟ್ಟಿ ಕಂಬ ಆಗಲೇ ಕುಸಿಯುತ್ತಿತ್ತು. ‘ಹಾಲಿಗೂ ನಂದಿನಿ ಎಂದೇ ಹೆಸರು ಕೇಳುತ್ತಿದ್ದಾರೆ ನೋಡಿ’ ಎಂದು ಮಂಡಳಿಯ ಮುಂದೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಬಿಟ್ಟುಕೊಡುವುದಕ್ಕೆ ಮನಸ್ಸಿರುವ ಸರಕನ್ನು ಮೊದಲೇ ಬಿಟ್ಟುಕೊಟ್ಟರೆ ಅದಕ್ಕೆ ಬೆಲೆ ಹೆಚ್ಚು.

ಒಕ್ಕೂಟದ ಕಡೆಯಿಂದ ನೋಡಿದರೂ ಇದೇ ಗೆರೆಯನ್ನು ಒಪ್ಪಂದದಲ್ಲಿ ಪಡೆಯಬಹುದಿತ್ತು. ಇಬ್ಬರೂ ಒಂದೇ ಹೆಸರಿನಲ್ಲಿ ಬಾಳುವ ಕರಾರಿನಲ್ಲಿ ಇರಬೇಕಾದದ್ದು ಏನು ಎಂದರೆ: ಯಾವ ಸರಕು ಯಾರದು ಎಂಬ ಖಚಿತ ಪಟ್ಟಿ, ಬೋರ್ಡಿನಲ್ಲೂ ಪೊಟ್ಟಣದಲ್ಲೂ ‘ಡಿಲಕ್ಸ್’ ಎಂಬ ಪದ ನಂದಿನಿಯಷ್ಟೇ ಗಾತ್ರದಲ್ಲಿ ಇರಬೇಕೆಂಬ ಮಾತು, ಹಸುವಿನ ಚಿತ್ರ ಮತ್ತು ಒಕ್ಕೂಟದ ಬಣ್ಣಗಳ ನಿಷೇಧ, ಕನ್ನಡ ಲಿಪಿಯಲ್ಲಿ ಹೇಗೆ ಬರೆಯಬೇಕು ಎಂಬ ನಮೂನೆ, ಫ್ರಾಂಚೈಸಿ ಕೊಟ್ಟರೆ ಅವರಿಗೂ ಇದೇ ಷರತ್ತು. ಇಂಗ್ಲಿಷಿನ ‘ಎಚ್’ ಒಂದನ್ನೇ ನಂಬಿ ಕರಾರು ಬರೆದರೆ ಕರ್ನಾಟಕದಲ್ಲಿ ಅದು ಮೊದಲ ಬೋರ್ಡಿಗೇ ಮುರಿಯುತ್ತದೆ, ಬೋರ್ಡಿನ ಮೇಲೆ ಕನ್ನಡ ಇರಲೇಬೇಕಲ್ಲ.

ದೊಡ್ಡ ಸಂಸ್ಥೆಗಳಿಗೆ ಇನ್ನೊಂದು ಮಾತು. ಹೆಸರು ನಿಜವಾಗಿ ಪ್ರಸಿದ್ಧವಾಗಿದ್ದರೆ, ಜಗಳ ಬರುವವರೆಗೆ ಕಾಯದೆ, 2017ರ ನಿಯಮಗಳ 124ನೇ ನಿಯಮದ ಕೆಳಗೆ ಪ್ರಸಿದ್ಧ ಗುರುತೆಂದು ಘೋಷಿಸುವಂತೆ ಕೇಳಬಹುದು. ಶುಲ್ಕ ಒಂದು ಲಕ್ಷ ರೂಪಾಯಿ. ಅದಕ್ಕೂ ವರ್ಷವಾರು ದಾಖಲೆ ಬೇಕು. ಜೊತೆಗೆ ಪ್ರತಿ ವಾರ ಹೊರಬರುವ ಜರ್ನಲನ್ನು ಯಾರಾದರೂ ಓದುತ್ತಿರಬೇಕು. ವಕೀಲರ ಕಚೇರಿಗಳು ಇದನ್ನು ‘ವಾಚ್’ ಸೇವೆ ಎಂದು ಮಾಡಿಕೊಡುತ್ತವೆ. ಪೇಟೆಯಲ್ಲಿ ಹೊಸ ಬೋರ್ಡು ಕಂಡ ವರ್ಷವೇ ಒಂದು ಪತ್ರ ಬರೆದಿಟ್ಟರೂ ಅದು ಮುಂದೆ ಸಾಕ್ಷಿ. ಹತ್ತು ವರ್ಷ ಸುಮ್ಮನಿದ್ದು ಆಮೇಲೆ ಎದ್ದರೆ ಎದುರಿನವರ ಬಳಕೆ ಅಷ್ಟೂ ವರ್ಷ ಪ್ರಾಮಾಣಿಕವಾಗಿ ಬೆಳೆದಿರುತ್ತದೆ.

ಹಾಲಿನ ಷರತ್ತು ದಿನದ ವ್ಯಾಪಾರದಲ್ಲಿ ಎಲ್ಲಿ ಮುಟ್ಟುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಊಟದ ಜೊತೆ ಲೋಟದಲ್ಲಿ ಬರುವ ಮಜ್ಜಿಗೆ, ಎಲೆಯ ಮೇಲಿನ ಮೊಸರು ಊಟ ಬಡಿಸುವ ಸೇವೆಯ ಭಾಗ. ಅದೇ ಮಜ್ಜಿಗೆಯನ್ನು ಪೊಟ್ಟಣ ಮಾಡಿ, ಮೇಲೆ ನಂದಿನಿ ಎಂದು ಅಚ್ಚು ಹಾಕಿ ಕೌಂಟರಿನಲ್ಲಿಟ್ಟರೆ ಅದು ಹಾಲಿನ ಪದಾರ್ಥದ ಸರಕು, ಅಲ್ಲಿ ಹೆಸರು ಒಕ್ಕೂಟದ್ದು. ಅಂಥ ಪೊಟ್ಟಣ ತರುವ ಯೋಚನೆ ಯಾವ ಹೋಟೆಲಿಗೇ ಇರಲಿ, ಅಚ್ಚಿನ ಮನೆಗೆ ಡಿಸೈನ್ ಕಳಿಸುವ ಮೊದಲು ನೋಂದಣಿ ಪ್ರಮಾಣಪತ್ರದ ಸರಕಿನ ಪಟ್ಟಿಯನ್ನು ಸಾಲು ಬಿಡದೆ ಓದಬೇಕು. ಪಟ್ಟಿಯಲ್ಲಿ ಇಲ್ಲದ ಸರಕಿಗೆ ಬೇರೆ ಹೆಸರಿಟ್ಟು, ಆ ಹೆಸರಿಗೆ ಹೊಸದಾಗಿ ಟಿಎಂ-ಎ ಹಾಕಬೇಕು.